ಕ್ಯಾಪ್ಟನ್ ಬಡಿದ ರೊಟ್ಟಿ

ಎಂ.ಎ. ಕೊನೆಯ ಪರೀಕ್ಷೆ ಬರೆದು ಮುಗಿಸಿದ ದಿನವೇ ಸಿದ್ಧಲಿಂಗನ ಆಟವೂ ಮುಗಿಯಿತು. ವಿಶ್ವವಿದ್ಯಾಲಯದ ವಾಲಿಬಾಲ್ ತಂಡದಲ್ಲಿ ಐದು ವರ್ಷ ಆಡಿದ್ದ. ಕೊನೆಯ ಎರಡು ವರ್ಷ ಅವನೇ ಕ್ಯಾಪ್ಟನ್. ಓದು ಮುಗಿದವರಿಗೆ ತಂಡದಲ್ಲಿ ಜಾಗವಿಲ್ಲ ಎಂಬುದು ನಿಯಮ. ಕಲಬುರಗಿಯ ಹಾಸ್ಟೆಲು ಖಾಲಿ ಮಾಡಿ, ಟ್ರಂಕು ಮತ್ತು ಕಿಟ್ ಬ್ಯಾಗು ಹಿಡಿದುಕೊಂಡು ಅವನು ವಾಡಿ ಜಂಕ್ಷನ್ನಿನಲ್ಲಿ ಇಳಿದಾಗ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಪ್ಲಾಟ್‌ಫಾರಂ ಕಲ್ಲು ಚಪ್ಪಲಿಯೊಳಗಿನ ಪಾದವನ್ನೂ ಸುಡುತ್ತಿತ್ತು.

ಮೊದಲ ಎರಡು ವಾರ ಅವನು ಮನೆಯಲ್ಲಿ ನೆಂಟನಂತಿದ್ದ. ತಾಯಿ ಲಲಿತಾಬಾಯಿ ದಿನಕ್ಕೊಂದು ಪಲ್ಯ ಮಾಡಿದಳು. ತಂದೆ ನಾಗೇಂದ್ರಪ್ಪ ಚಿತ್ತಾಪುರದ ತಹಸೀಲ ಕಚೇರಿಯಲ್ಲಿ ಗುಮಾಸ್ತ; ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬರುವವನು. ಮಗ ಚೆಂಡು ಹೊಡೆಯಲು ನೆಗೆದಿರುವ ಪತ್ರಿಕೆಯ ಚಿತ್ರವನ್ನು ಕತ್ತರಿಸಿ ಕಚೇರಿಯ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದ. ತಂಗಿ ಐಶ್ವರ್ಯ ಬಿ.ಎ. ಎರಡನೆಯ ವರ್ಷ, ಅಣ್ಣನ ಪದಕಗಳನ್ನು ಒರೆಸಿ ಒರೆಸಿ ಗೋಡೆಗೆ ತೂಗುಹಾಕಿದಳು. ಎಪ್ಪತ್ತೆಂಟರ ಅಜ್ಜಿ ಮಹಾದೇವಮ್ಮ ಮಾತ್ರ ಪದಕಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, "ಇದ್ರಾಗ ಬಂಗಾರ ಏನರ ಅದನಾ?" ಎಂದು ಕೇಳಿದಳು.

"ಇಲ್ಲ ಆಯಿ. ಎಲ್ಲಾ ಪಿತ್ತಳಿ."

"ಹಂಗಾದ್ರ ಹುಣಸಿ ಹಣ್ಣು ಹಚ್ಚಿ ತಿಕ್ಕಬೇಕಿತ್ತು," ಎಂದು ಆಕೆ ಮೊಮ್ಮಗಳ ಕಡೆ ತಿರುಗಿದಳು.

ನೆಂಟಸ್ತಿಕೆ ಮುಗಿದ ಮೇಲೆ ತೊಂದರೆ ಶುರುವಾಯಿತು. ಐದು ವರ್ಷದ ಅಭ್ಯಾಸ. ಬೆಳಿಗ್ಗೆ ನಾಲ್ಕೂವರೆಗೆ ಕಣ್ಣು ತಾನಾಗಿ ತೆರೆಯುತ್ತಿತ್ತು. ಎದ್ದು ಎಲ್ಲಿಗೆ ಹೋಗುವುದು? ಚೆಂಡು ಹಿಡಿದು ರೈಲ್ವೆ ಮೈದಾನಕ್ಕೆ ಹೋದರೆ ಅಲ್ಲಿ ಎಲ್ಲರೂ ಕ್ರಿಕೆಟ್ಟಿನವರೇ. ಗೂಡ್ಸ್ ಶೆಡ್ಡಿನ ಗೋಡೆಗೆ ಅರ್ಧ ತಾಸು ಚೆಂಡು ಹೊಡೆದು ವಾಪಸು ಬಂದ. ಗೋಡೆ ಚೆಂಡನ್ನು ಹಿಂದಕ್ಕೆ ಕೊಡುತ್ತಿತ್ತು, ಅಷ್ಟೇ. "ಶಾಭಾಸ್" ಎನ್ನುವವರು ಯಾರೂ ಇರಲಿಲ್ಲ. ಕ್ರೀಡಾ ಕೋಟಾದ ನೌಕರಿಗೆಂದು ಎರಡು ಕಡೆ ಆಯ್ಕೆಗೆ ಹೋಗಿ ಬಂದಿದ್ದ. ಒಂದು ಕಡೆ ಹದಿನಾಲ್ಕು ಜನ ಉಳಿದಿದ್ದಾಗ ಅವರಲ್ಲೊಬ್ಬನಾಗಿದ್ದ. ಅವರಿಗೆ ಬೇಕಾಗಿದ್ದುದು ಹನ್ನೆರಡು.

ಹಸಿವು ಮಾತ್ರ ಆಟದ ದಿನಗಳದ್ದೇ ಉಳಿದಿತ್ತು.

"ರೊಟ್ಟಿ ಎಷ್ಟಾದ್ವೋ?" ಒಂದು ದಿನ ಊಟಕ್ಕೆ ಕುಳಿತಾಗ ಅಜ್ಜಿ ಕೇಳಿದಳು.

"ಏಳು."

"ಆಟ ಬಿಟ್ಟಿ, ಹೊಟ್ಟಿ ಬಿಟ್ಟಿಲ್ಲ ನೋಡು."

"ತಿನ್ಲಿ ಬಿಡ್ರಿ ಅತ್ತಿ," ಲಲಿತಾಬಾಯಿ ಎಂಟನೆಯದನ್ನು ತಾಟಿಗೆ ಹಾಕಿದಳು.

"ತಿನ್ಲಿ. ತಿಂದು ಓದ್ಲಿ," ಎಂದ ನಾಗೇಂದ್ರಪ್ಪ. "ಪಿ.ಎಸ್.ಐ. ಪರೀಕ್ಷಾದ ಪುಸ್ತಕ ತಂದಿಟ್ಟು ಹತ್ತು ದಿನ ಆತು. ಮೊದಲ್ನೇ ಪುಟ ಇನ್ನಾ ಹೊಸಾದೇ ಅದ. ಆಫೀಸಿನ್ಯಾಗ ಎಲ್ಲಾರೂ ಕೇಳ್ತಾರ, ನಿಮ್ಮ ಮಗ ಏನ್ ಮಾಡ್ಲಿಕತ್ತಾನ್ರಿ ಅಂತ. ನಾ ಏನ್ ಹೇಳ್ಲಿ?"

ಸಿದ್ಧಲಿಂಗ ಎಂಟನೆಯ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಎದ್ದ.

ಆ ಮನೆಯ ಮುಂದಿನ ಕೋಣೆಯಲ್ಲಿ ಮೂರು ಒಲೆಗಳಿದ್ದವು. ಸ್ಟೇಷನ್ ರಸ್ತೆಯ ಎರಡು ಖಾನಾವಳಿಗಳಿಗೆ ದಿನಾ ಇನ್ನೂರೈವತ್ತು ಜೋಳದ ರೊಟ್ಟಿ ಹೋಗುತ್ತಿದ್ದುದು ಅಲ್ಲಿಂದಲೇ. ಲಲಿತಾಬಾಯಿ ಮತ್ತು ಓಣಿಯ ಸೈದಾನಬಿ ಇಬ್ಬರೂ ಸೇರಿ ಒಂಬತ್ತು ವರ್ಷದಿಂದ ಅಲ್ಲಿ ರೊಟ್ಟಿ ಬಡಿಯುತ್ತಿದ್ದರು. ಸಿದ್ಧಲಿಂಗನ ಪಾಲಿಗೆ ಅದು ಮನೆಯ ಒಂದು ಸದ್ದು ಮಾತ್ರ. ರಜೆಗೆ ಬಂದಾಗಲೆಲ್ಲ ಆ ಟಪ್ ಟಪ್ ಸದ್ದಿಗೆ ಎಚ್ಚರಾಗುತ್ತಿದ್ದ. ಮಗ್ಗಲು ಬದಲಿಸಿ ಮತ್ತೆ ಮಲಗುತ್ತಿದ್ದ.

ಮೇ ತಿಂಗಳ ಎರಡನೆಯ ವಾರ, ಒಂದು ಬೆಳಿಗ್ಗೆ ಆ ಸದ್ದು ನಡುವೆಯೇ ನಿಂತಿತು. ಐಶ್ವರ್ಯ ಓಡಿಹೋಗಿ ನೋಡಿದರೆ ತಾಯಿ ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಕುಳಿತಿದ್ದಳು. ಬಡಿದ ರೊಟ್ಟಿ ನೆಲಕ್ಕೆ ಬಿದ್ದಿತ್ತು.

"ಏನಾತವ್ವಾ?"

"ಏನಿಲ್ಲ. ಬೆರಳು ಜೋಮು ಹಿಡದಾವ."

"ಯಾವಾಗಿಂದ?"

ತಾಯಿ ಬಿದ್ದ ರೊಟ್ಟಿಯನ್ನು ಎಡಗೈಯಲ್ಲಿ ಎತ್ತಿಟ್ಟಳು. ಸೈದಾನಬಿ ಹೇಳಿದಳು: "ಸಂಕ್ರಾಂತಿಯಿಂದ ಹಿಂಗೇ ಅದ. ಯಾರಿಗೂ ಹೇಳಬ್ಯಾಡ ಅಂದಾಳ. ಈಗ ನಾ ಹೇಳೇ ಬಿಡ್ತೀನಿ."

ಶಹಾಬಾದಿನ ಡಾಕ್ಟರು ಮಣಿಕಟ್ಟು ಒತ್ತಿ, ಬೆರಳು ಬಗ್ಗಿಸಿ ನೋಡಿದರು. ನರ ಒತ್ತಿಕೊಂಡಿದೆ ಎಂದರು, ಪಟ್ಟಿ ಬಿಗಿದರು. ಮೂರು ತಿಂಗಳು ರೊಟ್ಟಿ ಬಡಿಯುವಂತಿಲ್ಲ, ಬಡಿದರೆ ಆಪರೇಷನ್ ಎಂದು ಹೆದರಿಸಿ ಕಳಿಸಿದರು.

ಅಂದಿನ ಸಂಜೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಲಲಿತಾಬಾಯಿ ನಾಲ್ಕು ದಿನದ ಹಿಂದಷ್ಟೇ ಒಂದು ದೊಡ್ಡ ಮಾತು ಕೊಟ್ಟಿದ್ದಳು. ಸಿಮೆಂಟ್ ಕಾರ್ಖಾನೆಯ ದುರಸ್ತಿ ಕೆಲಸಕ್ಕೆ ಬರುವ ಇನ್ನೂರು ಜನರಿಗೆ ಮೆಸ್ ನಡೆಸಲಿದ್ದ ಗುತ್ತಿಗೆದಾರ ರಾಜರತ್ನ ಮನೆಗೇ ಬಂದು ಕೇಳಿದ್ದ: ಜೂನ್ ಹತ್ತರಿಂದ ಒಂದು ವಾರ ಪರೀಕ್ಷೆ, ದಿನಾ ಆರುನೂರು ರೊಟ್ಟಿ, ಹನ್ನೊಂದು ಗಂಟೆಯೊಳಗೆ ಮೆಸ್ಸಿಗೆ ಮುಟ್ಟಬೇಕು. ಒಂದು ದಿನವೂ ತಪ್ಪದಿದ್ದರೆ ವರ್ಷದ ಕೆಲಸ ಇವರಿಗೇ. ತಪ್ಪಿದರೆ ಕಲಬುರಗಿಯಿಂದ ಮಶೀನು ರೊಟ್ಟಿ ತರಿಸುತ್ತೇನೆ ಎಂದಿದ್ದ.

"ಆಗೋದಿಲ್ಲ ಅಂತ ಹೇಳಿ ಕಳಸು," ನಾಗೇಂದ್ರಪ್ಪ ಹೇಳಿದ. "ಒಲಿ ಎಲ್ಲಾ ಬಂದ್ ಮಾಡು. ನನ್ನ ಪಗಾರದಾಗ ಮನಿ ನಡ್ಯೋದಿಲ್ಲೇನು?"

"ಮನಿ ನಡೀತದ್ರಿ. ಯಾರ್ ಇಲ್ಲಂದ್ರು?"

"ಮತ್ತ?"

"ಮತ್ತೇನು? ಐದು ವರ್ಷ ಹಾಸ್ಟೆಲಿನ್ಯಾಗ ಇವಗ ಹಾಲು, ಖಜೂರ, ಬದಾಮಿ ಎಲ್ಲಿಂದ ಹೋದ್ವು? ವರ್ಷಕ್ಕ ಎರಡು ಜೋಡಿ ಬೂಟು ಎಲ್ಲಿಂದ ಬಂದ್ವು? ಮದ್ರಾಸಿಗಿ, ಜೈಪುರಕ್ಕ ಆಡ್ಲಿಕ್ಕ ಹೋಗುವಾಗ ಕಿಸೆದಾಗ ಯಾರ್ ಇಟ್ರು? ಎಲ್ಲಾ ಆ ಹಂಚಿನ ಮ್ಯಾಲೇ ಬೆಂದು ಬಂದಾವ. ನೀವು ಪಗಾರ ಅಂತೀರಿ. ನಾ ಎಂದಾದ್ರೂ ಬಾಯಿ ಬಿಟ್ಟೀನೇನು?"

ಸಿದ್ಧಲಿಂಗ ಬಾಗಿಲ ಬಳಿ ನಿಂತು ಕೇಳುತ್ತಿದ್ದ. ಆ ಬೂಟುಗಳಲ್ಲಿ ಅವನು ನೆಗೆದಿದ್ದ, ಗೆದ್ದಿದ್ದ, ಫೋಟೋ ತೆಗೆಸಿಕೊಂಡಿದ್ದ. ಅವು ಎಲ್ಲಿಂದ ಬಂದವೆಂದು ಒಂದು ದಿನವೂ ಕೇಳಿರಲಿಲ್ಲ.

ಬೇರೆ ಕೈ ಹುಡುಕಿದರು. ಓಣಿಯ ಭೀಮಬಾಯಿ ಬರಲು ಒಪ್ಪಿದಳು. ಮತ್ತೊಬ್ಬಳು ಸಿಗಲಿಲ್ಲ. ರೊಟ್ಟಿ ಬಡಿಯಬಲ್ಲ ಹೆಂಗಸರು ಜೂನ್ ಬಂತೆಂದರೆ ಬಿತ್ತನೆಗೆ ಹೊಲಕ್ಕೆ ಹೋಗುವವರು.

"ಖಾನಾವಳಿದು ಮಧ್ಯಾಹ್ನದ ಮ್ಯಾಲೆ ಬಡದ್ರ ಆತು. ಮುಂಜಾನಿ ನಾವಿಬ್ರು ಅಂದ್ರ ನಾಲ್ಕುನೂರು ಆಗ್ತದ ಅಕ್ಕಾ," ಸೈದಾನಬಿ ಬೆರಳು ಮಡಚಿ ಹೇಳಿದಳು. "ಅದರ ಮ್ಯಾಲೆ ಒಂದೂ ಆಗೋದಿಲ್ಲ. ಮೂರನೇ ಕೈ ಬೇಕೇ ಬೇಕು."

ಮರುದಿನ ಬೆಳಿಗ್ಗೆ ಐದಕ್ಕೆ ಆ ಇಬ್ಬರೂ ಕೋಣೆಗೆ ಬಂದಾಗ, ಮೂರನೆಯ ಒಲೆಯ ಮುಂದೆ ಆರಡಿ ಎತ್ತರದ ಸಿದ್ಧಲಿಂಗ ಮೊಣಕಾಲು ಮಡಚಿ ಕುಳಿತಿದ್ದ. ಅವನ ಪಕ್ಕದಲ್ಲಿ ಅಜ್ಜಿ ಮಣೆ ಹಾಕಿಕೊಂಡು ಕುಳಿತಿದ್ದಳು. ಭೀಮಬಾಯಿ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಗಬ್ಯಾಡ್ರಿ," ಎಂದಳು ಮಹಾದೇವಮ್ಮ. "ಇಪ್ಪತ್ತು ದಿನ ಅವ. ಇಂವಗ ಕಲಸ್ತೀನಿ. ಕಲೀಲಿಲ್ಲಂದ್ರ ಆಮ್ಯಾಲೆ ಎಲ್ಲಾರೂ ಕೂಡಿ ನಗೋಣು."

ಕಲಿಸುವುದರಲ್ಲಿ ಮುದುಕಿ ಬಲು ಬಿಗಿ. ವಿಶ್ವವಿದ್ಯಾಲಯದ ಕೋಚ್ ತಪ್ಪಿಗೆ ಮೈದಾನದ ಸುತ್ತ ಐದು ಸುತ್ತು ಓಡಿಸುತ್ತಿದ್ದ. ಅಜ್ಜಿ ಹಿಟ್ಟನ್ನೇ ವಾಪಸು ಪರಾತಕ್ಕೆ ಎಸೆದು ಮೊದಲಿನಿಂದ ನಾದಿಸುತ್ತಿದ್ದಳು. ಮೊದಲ ಮೂರು ದಿನ ಬಡಿಯಲು ಬಿಡಲೇ ಇಲ್ಲ, ಬರೀ ನಾದುವುದು. ಕುದಿಯುವ ನೀರು ಎಷ್ಟು, ಹಿಟ್ಟು ಎಷ್ಟು, ಜಿಗಿ ಬಂತೋ ಇಲ್ಲವೋ ಎಂದು ಅಂಗೈಗೇ ತಿಳಿಯಬೇಕು. ನಾಲ್ಕನೆಯ ದಿನ ಉಂಡೆ ಕೊಟ್ಟಳು. ಸಿದ್ಧಲಿಂಗ ಎರಡು ಏಟು ಹಾಕಿದ. ಉಂಡೆ ನಡುವೆ ಹರಿದು ಹಲಗೆ ಕಾಣಿಸಿತು.

"ಅಲೆಲೆ! ನೀ ಚೆಂಡು ಹೊಡೀಲಿಕತ್ತೀದೇನು? ಅದೇನು ನಿನ್ನ ವೈರಿ ಏನಲೇ? ಹಗೂರ. ಬೆರಳು ಕೂಡ್ಸು. ಅಂಗೈ ನಡಕ ಬಡೀಬ್ಯಾಡ, ಅಂಚಿಗಿ ಬಡಿ. ಬಡದಂಗೆಲ್ಲ ರೊಟ್ಟಿ ತನ್ನಷ್ಟಕ್ಕ ತಾನು ತಿರುಗಬೇಕು."

"ತಿರಗವಲ್ದು ಆಯಿ."

"ಅದಕ್ಕ ನಿನ್ನ ಮ್ಯಾಲೆ ಇನ್ನಾ ವಿಶ್ವಾಸ ಬಂದಿಲ್ಲ. ಮತ್ತ ನಾದು."

ಮೊದಲ ವಾರ ಅವನು ಬಡಿದ ರೊಟ್ಟಿಗಳು ನಕಾಶೆಯಂತಿದ್ದವು. ಐಶ್ವರ್ಯ ಒಂದೊಂದನ್ನೂ ಎತ್ತಿ ಹಿಡಿದು, "ಇದು ಚಿಂಚೋಳಿ ತಾಲೂಕು, ಇದು ಸೇಡಂ, ಈ ಬಾಲ ಇದ್ದದ್ದು ಚಿತ್ತಾಪುರ" ಎಂದು ಹೆಸರಿಡುತ್ತಿದ್ದಳು. ಕೆಟ್ಟವನ್ನೆಲ್ಲ ಅವನೇ ತಿನ್ನಬೇಕೆಂಬುದು ಅಜ್ಜಿಯ ಕಾನೂನು. ಬೆಂಕಿಯ ಕಾವಿಗೆ ಮುಂಗೈ ಕೂದಲು ಸುಟ್ಟುಹೋಯಿತು. ಹಂಚಿನ ಅಂಚು ತಾಗಿ ಎರಡು ಬೆರಳಿಗೆ ಬೊಬ್ಬೆ ಬಂದವು. ಭುಜ ಮಾತ್ರ ನೋಯಲಿಲ್ಲ. ಐದು ವರ್ಷ ದಿನಕ್ಕೆ ಮುನ್ನೂರು ಸಲ ಚೆಂಡು ಹೊಡೆದ ಭುಜ ಅದು. ಹನ್ನೆರಡನೆಯ ದಿನ, ಎಲ್ಲಿಯೋ ನೋಡುತ್ತ ಬಡಿಯುತ್ತಿದ್ದಾಗ ಅಂಗೈ ಕೆಳಗೆ ಏನೋ ಜಾರಿದಂತಾಯಿತು. ಕೆಳಗೆ ನೋಡಿದ. ರೊಟ್ಟಿ ತಿರುಗುತ್ತಿತ್ತು.

"ಆಯಿ! ನೋಡಿಲ್ಲಿ!"

"ನೋಡ್ಲಿಕತ್ತೀನಿ. ನಿಂದ್ರಸಬ್ಯಾಡ, ಬಡಿ ಬಡಿ!"

ಅದು ಹಂಚಿನ ಮೇಲೆ ಉಬ್ಬಿ ನಿಂತಿತು. ಸೈದಾನಬಿ ತನ್ನ ಒಲೆ ಬಿಟ್ಟು ಎದ್ದು ಬಂದು, ಅದನ್ನು ಬಿಸಿಬಿಸಿಯಾಗಿಯೇ ಮುರಿದು ಬಾಯಿಗೆ ಹಾಕಿಕೊಂಡು, "ಪಾಸ್!" ಎಂದಳು.

ಇಷ್ಟು ದಿನ ನಾಗೇಂದ್ರಪ್ಪ ಇದನ್ನೆಲ್ಲ ಮಗನ ಹುಡುಗಾಟವೆಂದು ಸುಮ್ಮನಿದ್ದ. ಎರಡು ದಿನ ಬೆರಳು ಸುಟ್ಟರೆ ತಾನೇ ಪುಸ್ತಕ ಹಿಡಿಯುತ್ತಾನೆ ಎಂದುಕೊಂಡಿದ್ದ. ಆದರೆ ಅದೇ ವಾರ ಪ್ಯಾಸೆಂಜರ್ ಗಾಡಿಯಲ್ಲಿ ಎದುರು ಸೀಟಿನವನೊಬ್ಬ, ತುಂಬಿದ ಡಬ್ಬಿಯಲ್ಲಿ, "ಏನ್ರಿ, ನಿಮ್ಮ ಕ್ಯಾಪ್ಟನ್ ಸಾಹೇಬ್ರು ರೊಟ್ಟಿ ಬಡೀಲಿಕತ್ತಾರಂತಲ್ಲ?" ಎಂದ. ಅಕ್ಕಪಕ್ಕದವರು ನಕ್ಕರು. ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ಇವತ್ತಿಗಿ ಸಾಕು ಮಾಡು! ಎಂ.ಎ. ಮಾಡಿ, ಯೂನಿವರ್ಸಿಟಿ ಕ್ಯಾಪ್ಟನ್ ಆಗಿ, ಒಲಿ ಮುಂದ ಕುಂತೀದಿ. ನನ್ನ ಇಜ್ಜತ್ ಏನು ಉಳೀತು?"

"ಯಾಕ ಅಪ್ಪಾ, ನಾ ಏನು ಕಳವು ಮಾಡೀನಿ?"

"ಅದು ಹೆಂಗಸರ ಕೆಲಸ!"

"ಅವ್ವನ ಕೆಲಸ," ಎಂದ ಸಿದ್ಧಲಿಂಗ. "ನನ್ನ ಬೂಟು ಆ ಕೆಲಸದಾಗೇ ಬಂದಾವಂತ. ಅವಾಗ ನಿಮಗ ಇಜ್ಜತ್ ಹೋಗಿದ್ದಿಲ್ಲ. ಈಗ ಹೆಂಗ ಹೋತು?"

ಮಗ ಹೀಗೆ ಎದುರು ಮಾತಾಡಿದ್ದು ಅದೇ ಮೊದಲು. ನಾಗೇಂದ್ರಪ್ಪ ಅತ್ತ ಇತ್ತ ನೋಡಿದ. ತಾಯಿಯಾಗಲಿ ಹೆಂಡತಿಯಾಗಲಿ ಅವನ ಪರ ಬಾಯಿ ತೆರೆಯಲಿಲ್ಲ.

"ಆತು. ಇವನ ಕೈಯಾಗಿನ ರೊಟ್ಟಿ ನಾ ತಿನ್ನೋದಿಲ್ಲ. ನನಗ ಅನ್ನ ಮಾಡ್ರಿ!"

ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದ ಮನುಷ್ಯ ಎರಡೂ ಹೊತ್ತು ಅನ್ನಕ್ಕೆ ಕುಳಿತ. ಲಲಿತಾಬಾಯಿ ಎದುರಾಡದೆ ಎಡಗೈಯಲ್ಲಿ ಬಡಿಸಿದಳು. ಮೂರನೆಯ ದಿನಕ್ಕೆ ಅವನ ಮುಖ ಇಳಿದಿತ್ತು. ಐದನೆಯ ದಿನ ಪುಂಡಿ ಪಲ್ಯ, ಶೇಂಗಾ ಹಿಂಡಿ ಮಾಡಿದ್ದರು. ಅದನ್ನು ಅನ್ನಕ್ಕೆ ಕಲಸಿಕೊಂಡು ಒಂದು ತುತ್ತು ನುಂಗಿ, ನಿಟ್ಟುಸಿರು ಬಿಟ್ಟ. ಮಹಾದೇವಮ್ಮ ಮಗನ ಎದುರಿಗೇ ಕುಳಿತು ರೊಟ್ಟಿಯನ್ನು ಸದ್ದು ಮಾಡಿ ಮುರಿಯುತ್ತಿದ್ದಳು.

ಎಂಟನೆಯ ದಿನ, ಭಾನುವಾರ ಮಧ್ಯಾಹ್ನ, ಐಶ್ವರ್ಯ ತಂದೆಯ ತಾಟಿಗೆ ಎರಡು ರೊಟ್ಟಿ ಹಾಕಿದಳು.

"ಯಾರ್ ಬಡದದ್ದು?"

"ಸೈದಾನಬಿ ಚಾಚಿ ಬಡದದ್ದು ಅಪ್ಪಾ. ಬ್ಯಾರೇನೇ ತೆಗದಿಟ್ಟೀನಿ."

ನಾಗೇಂದ್ರಪ್ಪ ಒಂದು ಚೂರು ಮುರಿದು ಹಿಂಡಿಗೆ ಅದ್ದಿ ಬಾಯಿಗಿಟ್ಟ. ಕಣ್ಣು ಮುಚ್ಚಿದ. ಎರಡು ಹೋಗಿ ನಾಲ್ಕಾಯಿತು. ಐದನೆಯದಕ್ಕೆ ಕೈ ಹಾಕುತ್ತ ದೊಡ್ಡ ದನಿಯಲ್ಲಿ ಹೇಳಿದ: "ರೊಟ್ಟಿ ಅಂದ್ರ ಹಿಂಗಿರಬೇಕು. ಏನು ತೆಳುವು, ಏನು ಮೆತ್ತಗ! ಸೈದಾನಬಿ ಕೈಗುಣ ನೋಡಿ ಕಲೀಬೇಕು ಕೆಲವರು."

ಹೊರಬಾಗಿಲಿನಿಂದ ಸೈದಾನಬಿಯ ದನಿ ಬಂತು: "ಯಾಕ್ರಿ ಸಾಹೇಬ್ರೆ, ನನ್ನ ಹೆಸರು ಕರೀಲಿಕತ್ತೀರಿ? ಇವತ್ತು ನನಗ ಸೂಟಿ. ಈಗ ಬುಟ್ಟಿ ಒಯ್ಲಿಕ್ಕ ಬಂದೀನಿ!"

ಐಶ್ವರ್ಯ ತಲೆ ತಗ್ಗಿಸಿದಳು. ಮಹಾದೇವಮ್ಮ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಸಿದ್ಧಲಿಂಗ ಅಡಿಗೆಮನೆಯ ಗೋಡೆಗೆ ಒರಗಿ ನಿಂತಿದ್ದ. ನಾಗೇಂದ್ರಪ್ಪ ತಾಟಿನಲ್ಲಿದ್ದ ಐದನೆಯ ರೊಟ್ಟಿಯನ್ನು ತಿರುಗಿಸಿ ನೋಡಿದ. ಆಮೇಲೆ ಅದನ್ನೂ ತಿಂದು ಮುಗಿಸಿ, ಕೈ ತೊಳೆದು, ಹೋಗಿ ಮಲಗಿದ. ಮರುದಿನ ಕಚೇರಿಯ ಡಬ್ಬಿಯಲ್ಲಿ ಲಲಿತಾಬಾಯಿ ನಾಲ್ಕು ರೊಟ್ಟಿ ಇಟ್ಟಳು. ಸಂಜೆ ಡಬ್ಬಿ ಖಾಲಿಯಾಗಿ ಬಂತು.

ಜೂನ್ ಹತ್ತು ಬಂತು. ಮೊದಲ ದಿನ ಆಟೋದಲ್ಲಿ ಬುಟ್ಟಿಗಳನ್ನು ಹೇರಿಕೊಂಡು ಹೋದಾಗ ಹನ್ನೊಂದಕ್ಕೆ ಐದೇ ನಿಮಿಷ ಉಳಿದಿತ್ತು. ರಾಜರತ್ನ ನಡುವಿನಿಂದ ಒಂದು ರೊಟ್ಟಿ ಎಳೆದು ಮಡಚಿ ನೋಡಿದ. ಮುರಿಯಲಿಲ್ಲ. "ಆತು. ನಾಳಿ ನೋಡೋಣು," ಎಂದಷ್ಟೇ ಹೇಳಿ ಹೋದ. ಎರಡನೆಯ ದಿನ, ಮೂರನೆಯ ದಿನ, ನಾಲ್ಕನೆಯ ದಿನ ಸರಿಯಾಗಿ ನಡೆಯಿತು. ಲಲಿತಾಬಾಯಿ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಮೂರು ಒಲೆಗಳ ನಡುವೆ ತಿರುಗಾಡುತ್ತ, ಯಾರಿಗೆ ಹಿಟ್ಟು ಮುಗಿಯಿತು, ಯಾರ ಹಂಚು ಹೆಚ್ಚು ಕಾಯಿತು ಎಂದು ಕೂಗಿ ಹೇಳುತ್ತಿದ್ದಳು. ಸಿದ್ಧಲಿಂಗನಿಗೆ ಆ ಕೂಗು ಹಿತವಾಗಿತ್ತು. ಆಟದಲ್ಲಿ ಹೀಗೆ ಯಾರಾದರೂ ಬೆನ್ನ ಹಿಂದಿನಿಂದ ಕೂಗಿ ಹೇಳುತ್ತಿದ್ದರೆ ಅವನ ಕೈ ಎಂದೂ ತಪ್ಪುತ್ತಿರಲಿಲ್ಲ.

ಐದನೆಯ ದಿನ ಭಾನುವಾರ. ಬೆಳಗಿನ ಜಾವ ಸೈದಾನಬಿ ಬುರ್ಖಾ ಹಾಕಿಕೊಂಡೇ ಓಡಿಬಂದಳು. "ಅಕ್ಕಾ, ಮಗಳಿಗಿ ನೋವು ಸುರು ಆಗ್ಯಾವ. ಶಹಾಬಾದ ದವಾಖಾನಿಗಿ ಹೋಗ್ಲಿಕತ್ತೀನಿ. ಇವತ್ತೇ ಹಿಂಗಾಗಬೇಕಾ? ಮಾಫ್ ಮಾಡು."

"ಹುಚ್ಚಿ, ಹೋಗು ಮೊದಲ! ಇಲ್ಲಿದು ನಮಗ ಬಿಡು," ಲಲಿತಾಬಾಯಿ ಅವಳನ್ನು ಬಾಗಿಲಿನಿಂದಲೇ ಕಳಿಸಿದಳು. ಕಳಿಸಿ ತಿರುಗಿ ಒಲೆಗಳ ಕಡೆ ನೋಡಿದಳು. ಇದ್ದವರು ಇಬ್ಬರು, ಬೇಕಾದದ್ದು ಆರುನೂರು.

"ಭೀಮಬಾಯಕ್ಕಾ, ನಿಮ್ಮಿಂದ ಎಷ್ಟಾಗ್ತಾವ?" ಸಿದ್ಧಲಿಂಗ ಕೇಳಿದ.

"ಜೀವ ಬಿಟ್ಟು ಬಡದ್ರ ಇನ್ನೂರಾ ಐವತ್ತು."

"ಹಂಗಾದ್ರ ಉಳದದ್ದು ನನ್ನವು. ಆಯಿ, ನೀ ನಾದು. ಐಶೂ, ನನ್ನ ಹಂಚು ನೀ ನೋಡ್ಕೊ. ನಾ ಬಡದು ಹಾಕ್ತೀನಿ, ನೀರು ಹಚ್ಚಿ ತಿರುವೋದು ನಿಂದು. ಅವ್ವಾ, ನೀ ಎಣಸು. ಐವತ್ತಕ್ಕೊಮ್ಮಿ ಕೂಗು."

ಕ್ಯಾಪ್ಟನ್ ಆಗಿದ್ದಾಗಿನ ದನಿ ತಾನಾಗಿಯೇ ಬಂದಿತ್ತು. ಯಾರೂ ಮರುಮಾತಾಡದೆ ತಮ್ಮ ತಮ್ಮ ಜಾಗಕ್ಕೆ ಹೋದರು.

ನೂರರವರೆಗೆ ಸಲೀಸಾಗಿ ಹೋಯಿತು. ನೂರೈವತ್ತಕ್ಕೆ ಬೆನ್ನು ಹಿಡಿಯಿತು. ಇನ್ನೂರಕ್ಕೆ ಅಂಗೈ ಮರಗಟ್ಟಿತು. ಬಡಿಯುತ್ತಿದ್ದೇನೋ ಇಲ್ಲವೋ ಎಂದು ಸದ್ದು ಕೇಳಿ ತಿಳಿಯಬೇಕಾಯಿತು. ಬೆವರು ಹಣೆಯಿಂದ ಕಣ್ಣಿಗೆ ಇಳಿಯುತ್ತಿತ್ತು, ಲಲಿತಾಬಾಯಿ ಎಡಗೈಯಲ್ಲಿ ಸೆರಗು ಹಿಡಿದು ಒರೆಸುತ್ತ, "ಇನ್ನೂರಾ ಐವತ್ತು!" ಎಂದು ಕೂಗಿದಳು. ಅಜ್ಜಿ ನಾದುತ್ತ ನಾದುತ್ತ ಏದುಸಿರು ಬಿಡುತ್ತಿದ್ದಳು.

"ಏಳವ್ವಾ, ಆ ಕಡಿ ಸರಿ," ಎಂಬ ದನಿ ಕೇಳಿ ಎಲ್ಲರೂ ತಿರುಗಿ ನೋಡಿದರು. ನಾಗೇಂದ್ರಪ್ಪ ಅಂಗಿ ಕಳಚಿ ಬನಿಯನ್ನಿನಲ್ಲಿ ನಿಂತಿದ್ದ. "ನಾದೋದು ನನಗ ಬರ್ತದ. ಸಣ್ಣಾಂವ ಇದ್ದಾಗ ನೀನೇ ಕಲಿಸಿದ್ದಿ."

"ನೆನಪದನಾ ನಿನಗ?" ಎಂದಳು ಮಹಾದೇವಮ್ಮ, ಮಣೆಯಿಂದ ಏಳುತ್ತ.

"ಮರ್ತಿದ್ದೆ," ಎಂದು ಅವನು ಪರಾತಕ್ಕೆ ಕೈ ಹಾಕಿದ.

ಹತ್ತು ಗಂಟೆ ನಲವತ್ತಕ್ಕೆ ಆರುನೂರನೆಯ ರೊಟ್ಟಿ ಬುಟ್ಟಿಗೆ ಬಿತ್ತು. ಆಟೋದಲ್ಲಿ ಹೇರಿಕೊಂಡು ತಂದೆ ಮಗ ಇಬ್ಬರೂ ಹತ್ತಿದರು. ರೈಲ್ವೆ ಗೇಟಿನ ಬಳಿ ಬಂದರೆ ಗೇಟು ಬಿದ್ದಿತ್ತು. ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿ ಅಡ್ಡ ನಿಂತಿತ್ತು. ಅದು ಯಾವಾಗ ಹೊರಡುತ್ತದೆಂದು ವಾಡಿಯಲ್ಲಿ ಯಾರೂ ಹೇಳಲಾರರು. ಮೆಸ್ಸು ಹಳಿಯ ಆಚೆ, ಕಣ್ಣಿಗೆ ಕಾಣುವಷ್ಟು ಹತ್ತಿರ.

"ಮ್ಯಾಲಿನ ಪೂಲಿನಿಂದ ಒಯ್ಯೋಣು," ಎಂದು ಸಿದ್ಧಲಿಂಗ ಒಂದು ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡ.

ಇನ್ನೂ ಎರಡು ಬುಟ್ಟಿ ಇದ್ದವು. ನಾಗೇಂದ್ರಪ್ಪ ಒಂದು ಕ್ಷಣ ಹಿಂದೆ ಮುಂದೆ ನೋಡಿದ. ಆಮೇಲೆ ಹೆಗಲ ಟವೆಲನ್ನು ಸಿಂಬಿ ಸುತ್ತಿ ತಲೆಗಿಟ್ಟು, ಆಟೋದವನಿಗೆ, "ಎತ್ತೋ, ಇದನ್ನ ನನ್ನ ತಲಿ ಮ್ಯಾಲಿಡು. ಅದೊಂದು ನೀ ತಗೊಂಡ್ ಬಾ," ಎಂದ.

ಸೇತುವೆಯ ಮೇಲೆ ಎದುರಿನಿಂದ ಬರುತ್ತಿದ್ದವರು ಅವನ ಕಚೇರಿಯ ಹೆಡ್ ಕ್ಲರ್ಕ್ ಮಾಣಿಕಪ್ಪ. ಹೆಂಡತಿಯೊಂದಿಗೆ ನಾಲವಾರದ ಮಠಕ್ಕೆ ಗಾಡಿ ಹಿಡಿಯಲು ಹೊರಟಿದ್ದರು. ತಲೆಯ ಮೇಲೆ ಬುಟ್ಟಿ ಹೊತ್ತ ನಾಗೇಂದ್ರಪ್ಪನನ್ನು ಕಂಡು ನಿಂತೇಬಿಟ್ಟರು.

"ಏನಿದು ನಾಗೇಂದ್ರಪ್ಪ, ಬುಟ್ಟಿ ಹೊತ್ಕೊಂಡು?"

ಮುಂದೆ ಹೋಗುತ್ತಿದ್ದ ಸಿದ್ಧಲಿಂಗನ ಕಾಲು ತಾನಾಗಿ ತಡೆಯಿತು. ತಂದೆ ಏನಾದರೊಂದು ನೆಪ ಹೇಳುತ್ತಾನೆಂದು ಅವನಿಗೆ ಖಾತ್ರಿಯಿತ್ತು.

"ರೊಟ್ಟಿ ಅವ ಸರ್," ಎಂದ ನಾಗೇಂದ್ರಪ್ಪ. ಹೊತ್ತ ಭಾರಕ್ಕೆ ಕುತ್ತಿಗೆ ಬಿಗಿದಿತ್ತು, ದನಿ ಮಾತ್ರ ನೆಟ್ಟಗಿತ್ತು. "ನನ್ನ ಮಗ ಬಡದಾನ. ಒಬ್ಬನೇ ಇವತ್ತು ಮುನ್ನೂರಾ ಐವತ್ತು. ಸೋಮವಾರ ನಿಮಗ ನಾಲ್ಕು ತರ್ತೀನಿ, ತಿಂದು ಹೇಳ್ರಿ. ಈಗ ಜರಾ ದಾರಿ ಬಿಡ್ರಿ, ಟೈಮ್ ಇಲ್ಲ."

ಸಿದ್ಧಲಿಂಗನಿಗೆ ಬುಟ್ಟಿ ಹಗುರಾಯಿತು. ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದ. ಮೆಸ್ಸಿನ ಬಾಗಿಲಿಗೆ ಅವನು ಕಾಲಿಟ್ಟಾಗ ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಎರಡು ನಿಮಿಷ ಕಡಿಮೆ.

ಉಳಿದ ಎರಡು ದಿನವೂ ತಪ್ಪಲಿಲ್ಲ. ಸೈದಾನಬಿ ಮೊಮ್ಮಗಳು ಹುಟ್ಟಿದ ಪೇಢೆ ಹಂಚಿ ಸೋಮವಾರವೇ ತನ್ನ ಒಲೆಗೆ ಬಂದು ಕುಳಿತಿದ್ದಳು. ಏಳನೆಯ ದಿನ ರಾಜರತ್ನ ತಾನೇ ಮನೆಗೆ ಬಂದ. ಲಲಿತಾಬಾಯಿ ಹಾಕಿಕೊಟ್ಟ ಚಹಾ ಕುಡಿದು, "ಮಶೀನಿನವ್ರಿಗಿ ಬ್ಯಾಡ ಅಂದೀನ್ರಿ ಬಾಯಾರ. ವರ್ಷದ ಕೆಲಸ ನಿಮ್ದೇ. ನಮ್ಮ ಮಂದಿ ಈ ವಾರ ಅನ್ನ ಕಡಿಮಿ ಮಾಡಿ ರೊಟ್ಟೀನೇ ಕೇಳ್ಲಿಕತ್ತಾರ," ಎಂದ. ಆಮೇಲೆ ಸಿದ್ಧಲಿಂಗನ ಅಂಗೈ ಹಿಡಿದು ತಿರುಗಿಸಿ ನೋಡಿ, "ಈ ಕೈಯಿಂದ ಮೊದಲ ಏನು ಮಾಡ್ತಿದ್ರಿ?" ಎಂದು ಕೇಳಿದ.

"ವಾಲಿಬಾಲ್ ಆಡ್ತಿದ್ದೆ."

"ಈಗ ಬಿಟ್ರೇನು?"

"ಕಾಲೇಜಿಂದು ಬಿಟ್ಟೀನಿ," ಎಂದ.

ಅದೇ ಸಂಜೆ ರೈಲ್ವೆ ಮೈದಾನದ ಮೂಲೆಯಲ್ಲಿ ಎರಡು ಕಂಬ ನೆಟ್ಟು ಬಲೆ ಕಟ್ಟಿದ. ಇಬ್ಬರು ಗ್ಯಾಂಗ್‌ಮನ್‌ಗಳು, ಒಬ್ಬ ಟಿಕೆಟ್ ಕಲೆಕ್ಟರು, ಆ ಆಟೋದವನು ಮತ್ತು ಮೆಸ್ಸಿನ ನಾಲ್ಕು ಜನ ಕೂಡಿದರು. ಅಂಕ ಯಾರಿಗೆ ಎಷ್ಟು ಎಂಬುದರ ಮೇಲೆ ಜಗಳ ಬಿದ್ದು ಆಟಕ್ಕಿಂತ ಜಗಳವೇ ಹೆಚ್ಚಾಯಿತು. ಸಿದ್ಧಲಿಂಗ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡ. ಮರುದಿನವೂ ಹೋದ. ಮಧ್ಯಾಹ್ನದ ಹೊತ್ತು ತಂದೆ ತಂದಿಟ್ಟ ಪುಸ್ತಕವನ್ನೂ ಓದತೊಡಗಿದ. ಪರೀಕ್ಷೆ ಬರೆಯುವುದು, ನೌಕರಿ ಬಂದರೆ ಬರಲಿ, ಮನೆಯ ರೊಟ್ಟಿ ಕೆಲಸ ಮಾತ್ರ ನಿಲ್ಲಬಾರದು ಎಂದು ತಂದೆ ಮಗನ ನಡುವೆ ಮಾತಾಗಿತ್ತು. ಆಗಸ್ಟಿನ ಹೊತ್ತಿಗೆ ಒಲೆಗಳು ಐದಾದವು.

ಆಗಸ್ಟ್ ಮೂರನೆಯ ವಾರ ಶಹಾಬಾದಿನ ಡಾಕ್ಟರು ಲಲಿತಾಬಾಯಿಯ ಪಟ್ಟಿ ಬಿಚ್ಚಿದರು. ಬೆರಳುಗಳಲ್ಲಿ ಜೋಮು ಹೋಗಿತ್ತು. ದಿನಕ್ಕೆ ಇಪ್ಪತ್ತು ರೊಟ್ಟಿ ಮಾತ್ರ, ಅದಕ್ಕಿಂತ ಒಂದೂ ಹೆಚ್ಚಿಲ್ಲ ಎಂದರು. ಮರುದಿನ ಬೆಳಿಗ್ಗೆ ಆಕೆ ಬಂದು ಮಗನ ಒಲೆಯ ಮುಂದೆ ನಿಂತಳು.

"ಏಳು. ಇದು ನನ್ನ ಜಾಗಾ."

"ನೀ ಎಣಸ್ತಾ ಕುಂದ್ರು ಅವ್ವಾ. ನಾ ಅದೀನಲ್ಲ."

"ಮೂರು ತಿಂಗಳದಾಗ ಭಾಳ ದೊಡ್ಡ ರೊಟ್ಟಿಗಾರ ಆಗೀದಿ ನೋಡು! ಬಾ ಹಂಗಾದ್ರ. ನನಗ ಡಾಕ್ಟರ್ ಇಪ್ಪತ್ತು ಕೊಟ್ಟಾರ. ನೀನೂ ಇಪ್ಪತ್ತು. ಯಾರ್ ಮೊದಲ ಮುಗಸ್ತಾರ ನೋಡೋಣು."

ಓಣಿಗೆ ಸುದ್ದಿ ಹೋಗಲು ಎಷ್ಟು ಹೊತ್ತು? ಬಾಗಿಲಲ್ಲಿ ಜನ ತುಂಬಿದರು. ಮಹಾದೇವಮ್ಮ ಎರಡೂ ಕಡೆಗೆ ಒಂದೇ ತೂಕದ ಉಂಡೆ ಮಾಡಿಟ್ಟಳು. ಗಾಡಿಗೆ ಹೊರಟಿದ್ದ ನಾಗೇಂದ್ರಪ್ಪ ಚೀಲ ಕೆಳಗಿಟ್ಟು, ತಾನೇ ಎಣಿಸುತ್ತೇನೆಂದು ನಡುವೆ ನಿಂತ. ಸೈದಾನಬಿ "ಹೂಂ!" ಎಂದಳು.

ಸಿದ್ಧಲಿಂಗನದು ಜೋರು ಕೈ. ಐದರವರೆಗೆ ಅವನೇ ಮುಂದಿದ್ದ. ಲಲಿತಾಬಾಯಿ ಅವನ ಕಡೆ ನೋಡಲೇ ಇಲ್ಲ. ಅವಳ ಬೆರಳು ಅಂಚಿಗೆ ತಾಗಿದ್ದೇ ತಡ ರೊಟ್ಟಿ ಹೂವಿನಂತೆ ಅಗಲವಾಗುತ್ತಿತ್ತು. ಒಂದು ಏಟೂ ಹೆಚ್ಚಿಲ್ಲ, ಒಂದು ಏಟೂ ಕಡಿಮೆಯಿಲ್ಲ. ಹತ್ತಕ್ಕೆ ಸರಿಸಮ. ಹನ್ನೆರಡಕ್ಕೆ ಅವಳು ಒಂದು ಮುಂದೆ. ನಾಗೇಂದ್ರಪ್ಪನ ಎಣಿಕೆ ಓಣಿಯ ತುದಿಗೂ ಕೇಳುತ್ತಿತ್ತು. ಅವನು "ಲಲಿತಾಬಾಯಿ, ಇಪ್ಪತ್ತು!" ಎಂದು ಕೂಗಿದಾಗ ಸಿದ್ಧಲಿಂಗ ಹದಿನೇಳನೆಯದನ್ನು ಹಂಚಿಗೆ ಹಾಕುತ್ತಿದ್ದ.

ಬಾಗಿಲಲ್ಲಿದ್ದ ಹೆಂಗಸರು ಸೀಟಿ ಹೊಡೆದಂತೆ ಕೂಗಿದರು. ಭೀಮಬಾಯಿ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿ ತನ್ನ ಮುಖವೆಲ್ಲ ಬೆಳ್ಳಗೆ ಮಾಡಿಕೊಂಡಳು. ಸಿದ್ಧಲಿಂಗ ಎರಡೂ ಕೈ ಮೇಲೆತ್ತಿ ಹಿಂದಕ್ಕೆ ವಾಲಿ, ಗೋಡೆಗೆ ಒರಗಿ ನಗತೊಡಗಿದ. ಐದು ವರ್ಷದಲ್ಲಿ ಎಷ್ಟೋ ಆಟ ಸೋತಿದ್ದ. ಇಷ್ಟು ಸಂತೋಷದಿಂದ ಯಾವುದನ್ನೂ ಸೋತಿರಲಿಲ್ಲ.

ಲಲಿತಾಬಾಯಿ ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡು ಎದ್ದು ನಿಂತಳು. ಮುಖ ಅರಳಿತ್ತು, ದನಿಯನ್ನು ಮಾತ್ರ ಬಿಗಿ ಮಾಡಿದಳು.

"ನಗೋದು ಸಾಕು, ಏಳು ಕ್ಯಾಪ್ಟನ್. ಮೂವತ್ತೇಳು ಆದ್ವು. ಇನ್ನಾ ಐದುನೂರಾ ಅರವತ್ಮೂರು ಬಡೀಬೇಕು."